ರಿಪೋರ್ಟಿನ ಕೆಂಪು ಅಕ್ಷರ ಮತ್ತು ಹನ್ನೆರಡನೇ ತರಗತಿಯ ಒಂದು ಲೆಕ್ಕ



ಈ ಮಾಲಿಕೆಯಲ್ಲಿ ಇಲ್ಲಿಯವರೆಗೆ ಸಕ್ಕರೆ ಕಾಯಿಲೆ, ಬಿಪಿ, ಮಂಡಿನೋವು, ನಿದ್ರೆ ಇಂಥ ವಿಷಯಗಳನ್ನು ಓದಿದ್ದೀರಿ. ಇವತ್ತಿನದು ಯಾವ ಕಾಯಿಲೆಯ ಬಗ್ಗೆಯೂ ಅಲ್ಲ. ಕಾಯಿಲೆಯ ಸುದ್ದಿ ಮನೆಗೆ ಬರುವಾಗ ಅದರ ಬೆನ್ನಿಗೇ ಬರುವ ಅಂಕಿಗಳ ಬಗ್ಗೆ. ಸ್ವಲ್ಪ ಉದ್ದ ಇದೆ. ಸಂಜೆ ಚಹಾ ಕುಡಿಯುತ್ತ ನಿಧಾನಕ್ಕೆ ಓದಿ.

*ಮೊದಲು ನಡೆದದ್ದು ಹೇಳಿಬಿಡುತ್ತೇನೆ*

ನಾನು ಪುಣೆಯ ಒಂದು ಜೂನಿಯರ್ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವವನು. ಊರು ಗದಗ ಕಡೆ. ತಂಗಿಯ ಮನೆ ಡೊಂಬಿವಲಿಯಲ್ಲಿ. ಹೋದ ವರ್ಷ ದೀಪಾವಳಿಗೆ ಮುಂಚೆ ಅವಳ ಸೊಸೈಟಿಯಲ್ಲಿ ಯಾವುದೋ ಲ್ಯಾಬಿನವರು ಆರೋಗ್ಯ ತಪಾಸಣೆಯ ಪ್ಯಾಕೇಜ್ ಮಾಡಿದರು. ಎಪ್ಪತ್ತಕ್ಕೂ ಹೆಚ್ಚು ಟೆಸ್ಟು, ಅರ್ಧ ದರ, ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುತ್ತಾರೆ. ಅಕ್ಕಪಕ್ಕದ ಮನೆಯವರೆಲ್ಲ ಮಾಡಿಸಿದರು, ಇವಳೂ ಮಾಡಿಸಿದಳು. ಮರುದಿನ ರಾತ್ರಿ ಹನ್ನೊಂದೂವರೆಗೆ ನನಗೆ ಫೋನು.

"ಅಣ್ಣಾ, ಮಲಗಿದ್ದೇನು? ರಿಪೋರ್ಟ್ ಬಂದದ. ಒಂದರ ಮುಂದ ಕೆಂಪಗ ಹೈ ಅಂತ ಬರದಾರ. ಗೂಗಲ್‌ನ್ಯಾಗ ನೋಡಿದ್ರ ಕ್ಯಾನ್ಸರ್ ಅಂತ ಬರಾಕತ್ತದ. ಇವರಿಗೆ ಇನ್ನೂ ಹೇಳಿಲ್ಲ."

ಸಿಎ-125 ಅನ್ನುವ ಟೆಸ್ಟು. ಗಡಿ 35 ಅಂತ ಇತ್ತು, ಇವಳದು 48. ವಯಸ್ಸು ನಲವತ್ತೊಂದು. ಹೊಟ್ಟೆನೋವಿಲ್ಲ, ತೂಕ ಇಳಿದಿಲ್ಲ, ಯಾವ ತೊಂದರೆಯೂ ಇಲ್ಲ.

ಇಪ್ಪತ್ತಾರು ವರ್ಷದಿಂದ ಮಕ್ಕಳಿಗೆ ಸಂಭವನೀಯತೆ ಕಲಿಸುವವನು ಆ ರಾತ್ರಿ ಏನು ಮಾಡಿದೆ ಗೊತ್ತೇ? ನಾನೂ ಗೂಗಲ್ ಮಾಡಿದೆ. ನನ್ನ ಕೈಯೂ ನಡುಗಿತು. ಬೆಳಗಿನ ತನಕ ನಿದ್ದೆ ಬರಲಿಲ್ಲ. ಶನಿವಾರ ಅವಳ ಮನೆಗೆ ಹೋದಾಗ ಅವಳ ಮಗಳು ಊಟದ ಟೇಬಲ್ ಮೇಲೆ ಪುಸ್ತಕ ಹರಡಿಕೊಂಡು ಹನ್ನೆರಡನೇ ತರಗತಿಯ ಗಣಿತ ರಿವಿಜನ್ ಮಾಡುತ್ತಿದ್ದಳು. ತೆರೆದಿದ್ದ ಪುಟ ಬೇಯ್ಸ್ ಪ್ರಮೇಯದ್ದು. ಅದರಲ್ಲಿ ಒಂದು ರಕ್ತಪರೀಕ್ಷೆಯ ಲೆಕ್ಕ. ಅದನ್ನು ನೋಡಿದಾಗ ನನಗೆ ನಾಚಿಕೆಯಾಯಿತು. ಪರೀಕ್ಷೆಗೆಂದು ಕಲಿಸಿದ್ದನ್ನು ಮನೆಗೆಂದು ನಾನೇ ಕಲಿತಿರಲಿಲ್ಲ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ನಮ್ಮ ಮನೆಗಳಲ್ಲಿ ಬಿಪಿ ಮಷೀನು, ಸಕ್ಕರೆ ನೋಡುವ ಮಷೀನು ಇರುವ ಹಾಗೆ ಸಂಖ್ಯಾಶಾಸ್ತ್ರದ ನಾಲ್ಕು ಮಾತೂ ಇರಬೇಕು. ಅದಿಲ್ಲದೆ ಮಷೀನು ತೋರಿಸುವ ಅಂಕಿ ಒಮ್ಮೆ ವಿನಾಕಾರಣ ಹೆದರಿಸುತ್ತದೆ, ಇನ್ನೊಮ್ಮೆ ವಿನಾಕಾರಣ ಧೈರ್ಯ ಕೊಡುತ್ತದೆ. ಎರಡೂ ಅಪಾಯವೇ.

ಊರು ಬಿಟ್ಟು ಬಂದ ನಮಗೆ ಇದು ಇನ್ನೂ ಹೆಚ್ಚು ಬೇಕು. ಊರಲ್ಲಿದ್ದಾಗ ಅಪ್ಪನ ಕಾಲದಿಂದ ನೋಡುತ್ತಿದ್ದ ಡಾಕ್ಟರ್ ಒಬ್ಬರಿದ್ದರು. ರಿಪೋರ್ಟಿಗಿಂತ ಮೊದಲು ಮುಖ ನೋಡುತ್ತಿದ್ದರು. ಇಲ್ಲಿ ಡಾಕ್ಟರ್ ಮರಾಠಿಯಲ್ಲೋ ತಮಿಳಿನಲ್ಲೋ ತೆಲುಗಿನಲ್ಲೋ ಹಿಂದಿಯಲ್ಲೋ ಮಾತಾಡುತ್ತಾರೆ, ರಿಪೋರ್ಟು ಇಂಗ್ಲಿಷಿನಲ್ಲಿ ಬರುತ್ತದೆ, ಊರಿಂದ ಬಂದಿರುವ ಅವ್ವನಿಗೆ ಕನ್ನಡ ಬಿಟ್ಟು ಬೇರೇನೂ ಬರುವುದಿಲ್ಲ. ನಡುವೆ ದುಭಾಷಿ ಯಾರು? ನೀವು, ನಾನು. ನಾವು "ಸ್ವಲ್ಪ ಹೆಚ್ಚಿದೆ" ಅಂದರೆ ಅವ್ವನಿಗೆ ಅದು ಸ್ವಲ್ಪ. ಮುಖ ಸಣ್ಣ ಮಾಡಿಕೊಂಡು ಹೇಳಿದರೆ ಅದೇ ಅಂಕಿ ಅವಳಿಗೆ ಮರಣಶಾಸನ. ಹಾಗಾಗಿ ಅಂಕಿಯನ್ನು ಸರಿಯಾಗಿ ಓದುವುದು ನಮ್ಮ ಕೆಲಸ.

*ಒಂದನೇ ಮಾತು: ನಾರ್ಮಲ್ ಅಂದರೆ ಏನು?*

ರಿಪೋರ್ಟಿನ ಬಲಗಡೆ ಒಂದು ಕಾಲಂ ಇರುತ್ತದೆ, ಇಷ್ಟರಿಂದ ಇಷ್ಟರವರೆಗೆ ಅಂತ. ಆ ಗಡಿಯನ್ನು ಎಷ್ಟೋ ಟೆಸ್ಟುಗಳಲ್ಲಿ ಹಾಕುವುದು ಹೀಗೆ: ಆರೋಗ್ಯವಾಗಿರುವ ತುಂಬ ಜನರ ರಕ್ತ ಪರೀಕ್ಷಿಸುತ್ತಾರೆ. ಬಂದ ಅಂಕಿಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸುತ್ತಾರೆ. ಮೇಲಿನ ತುದಿಯ ನೂರಕ್ಕೆ ಎರಡೂವರೆ, ಕೆಳಗಿನ ತುದಿಯ ನೂರಕ್ಕೆ ಎರಡೂವರೆ ಬಿಟ್ಟು ನಡುವಿನ 95ನ್ನು ನಾರ್ಮಲ್ ಅನ್ನುತ್ತಾರೆ.

ಇಲ್ಲಿ ಒಂದು ಕ್ಷಣ ನಿಲ್ಲಿ. ಹೊರಗೆ ಬಿದ್ದ ಆ ಐದು ಜನ ಕೂಡ ಆರೋಗ್ಯವಂತರೇ. ಅಂದರೆ ಯಾವ ರೋಗವೂ ಇಲ್ಲದ ಇಪ್ಪತ್ತು ಜನರಲ್ಲಿ ಒಬ್ಬರಿಗೆ ಕೆಂಪು ಅಕ್ಷರ ಬರುವುದು ಆ ಗಡಿಯ ಹುಟ್ಟುಗುಣ.

ಈಗ ಒಂದಲ್ಲ, ಇಪ್ಪತ್ತು ಟೆಸ್ಟು ಮಾಡಿಸಿದಿರಿ ಅನ್ನಿ. ಒಂದೊಂದರಲ್ಲೂ ನಾರ್ಮಲ್ ಬರುವ ಸಾಧ್ಯತೆ ನೂರಕ್ಕೆ 95. ಇಪ್ಪತ್ತೂ ನಾರ್ಮಲ್ ಬರಬೇಕಾದರೆ 0.95 ಅನ್ನು ಇಪ್ಪತ್ತು ಸಲ ಗುಣಿಸಬೇಕು. ಉತ್ತರ ಸುಮಾರು 0.36. ಅಂದರೆ ಪೂರ್ತಿ ಆರೋಗ್ಯವಾಗಿರುವ ನೂರು ಜನರಲ್ಲಿ 64 ಜನರಿಗೆ ಕನಿಷ್ಠ ಒಂದಾದರೂ ಕೆಂಪು ಅಕ್ಷರ ಬರುತ್ತದೆ. ನಿಜದಲ್ಲಿ ಈ ಟೆಸ್ಟುಗಳು ಒಂದಕ್ಕೊಂದು ಸಂಬಂಧ ಇರುವಂಥವು, ಎಲ್ಲ ಗಡಿಗಳೂ ಒಂದೇ ರೀತಿ ಹಾಕಿದವಲ್ಲ, ಹಾಗಾಗಿ ಅಂಕಿ ಸ್ವಲ್ಪ ಆಚೀಚೆ ಆಗುತ್ತದೆ. ಆದರೆ ದಾರಿ ಅದೇ. ಟೆಸ್ಟು ಹೆಚ್ಚಿದಷ್ಟೂ ಸುಳ್ಳು ಗಂಟೆ ಹೆಚ್ಚು. ಎಪ್ಪತ್ತು ಟೆಸ್ಟಿನ ಪ್ಯಾಕೇಜಿನಲ್ಲಿ ಒಂದೂ ಕೆಂಪು ಬರದಿದ್ದರೆ ಅದೇ ಆಶ್ಚರ್ಯ.

ಒಂದು ಎಚ್ಚರಿಕೆ. ಸಕ್ಕರೆ, ಬಿಪಿ, ಕೊಲೆಸ್ಟ್ರಾಲ್ ಗಡಿಗಳನ್ನು ಹೀಗೆ ಹಾಕಿಲ್ಲ. ಎಷ್ಟು ದಾಟಿದರೆ ಕಣ್ಣು, ಕಿಡ್ನಿ, ಹೃದಯಕ್ಕೆ ಹಾನಿ ಹೆಚ್ಚುತ್ತದೆ ಎಂದು ವರ್ಷಗಟ್ಟಲೆ ನೋಡಿ ಹಾಕಿದ ಗಡಿಗಳು ಅವು. ಖಾಲಿ ಹೊಟ್ಟೆಯ ಸಕ್ಕರೆ ಮತ್ತೆ ಮತ್ತೆ 126 ದಾಟಿದರೆ "ಇಪ್ಪತ್ತರಲ್ಲಿ ಒಬ್ಬರಿಗೆ ಹೀಗಾಗುತ್ತದೆ" ಎಂದು ಸಮಾಧಾನ ಮಾಡಿಕೊಳ್ಳಬೇಡಿ. ಅದು ಸುಳ್ಳು ಸಮಾಧಾನ.

*ಎರಡನೇ ಮಾತು: ಪಾಸಿಟಿವ್ ಬಂತು ಅಂದರೆ ರೋಗ ಬಂತು ಅಂತಲೇ?*

ನಮ್ಮ ಹುಡುಗಿಯ ಪುಸ್ತಕದಲ್ಲಿದ್ದ ಲೆಕ್ಕಕ್ಕೆ ಬರೋಣ. ಎನ್‌ಸಿಇಆರ್‌ಟಿ ಹನ್ನೆರಡನೇ ತರಗತಿ ಗಣಿತದಲ್ಲಿ ಎಚ್‌ಐವಿ ಪರೀಕ್ಷೆಯ ಉದಾಹರಣೆ ಇದೆ. ದೆಹಲಿ, ಚೆನ್ನೈ, ಹೈದರಾಬಾದ್ ಎಲ್ಲಿದ್ದರೂ ಸಿಬಿಎಸ್‌ಇ ಓದುವ ನಿಮ್ಮ ಮಕ್ಕಳ ಪುಸ್ತಕ ತೆಗೆದು ನೋಡಬಹುದು. ಅದರಲ್ಲಿರುವ ಅಂಕಿಗಳನ್ನು ಸೂತ್ರ ಬಿಟ್ಟು, ಜನರ ಲೆಕ್ಕದಲ್ಲಿ ಹೇಳುತ್ತೇನೆ.

ಹತ್ತು ಸಾವಿರ ಜನ ಇದ್ದಾರೆ. ಸಾವಿರಕ್ಕೆ ಒಬ್ಬರಂತೆ ಹತ್ತು ಜನರಿಗೆ ರೋಗ ಇದೆ. ಟೆಸ್ಟು ನೂರರಲ್ಲಿ 90 ರೋಗಿಗಳನ್ನು ಹಿಡಿಯುತ್ತದೆ, ಹಾಗಾಗಿ ಹತ್ತರಲ್ಲಿ 9 ಜನ ಸಿಕ್ಕರು. ರೋಗ ಇಲ್ಲದ ನೂರು ಜನರಲ್ಲಿ ಒಬ್ಬರಿಗೆ ಮಾತ್ರ ಅದು ತಪ್ಪಾಗಿ ಪಾಸಿಟಿವ್ ಹೇಳುತ್ತದೆ. ಒಳ್ಳೆಯ ಟೆಸ್ಟೇ. ಆದರೆ ರೋಗ ಇಲ್ಲದವರು 9,990 ಜನ. ಅವರಲ್ಲಿ ನೂರಕ್ಕೆ ಒಬ್ಬರು ಅಂದರೆ ಸುಮಾರು 100 ಜನ.

ಈಗ ಪಾಸಿಟಿವ್ ಬಂದವರನ್ನೆಲ್ಲ ಒಂದು ಕೋಣೆಯಲ್ಲಿ ಕೂಡಿಸಿ. ಒಟ್ಟು 109 ಜನ. ಅವರಲ್ಲಿ ನಿಜವಾದ ರೋಗಿಗಳು 9. ಅಂದರೆ ಪಾಸಿಟಿವ್ ಬಂದ ನೂರು ಜನರಲ್ಲಿ ರೋಗ ಇರುವುದು ಸುಮಾರು ಎಂಟು ಜನರಿಗೆ.

"ಟೆಸ್ಟು 99 ಪರ್ಸೆಂಟ್ ಸರಿ ಇದ್ದರೆ ನನಗೂ 99 ಪರ್ಸೆಂಟ್ ರೋಗ ಇದೆ" ಎಂದು ನಾವೆಲ್ಲ ತಿಳಿಯುತ್ತೇವೆ. ಅಲ್ಲೇ ತಪ್ಪು. ರೋಗ ಇದ್ದವರಲ್ಲಿ ಎಷ್ಟು ಜನಕ್ಕೆ ಪಾಸಿಟಿವ್ ಬರುತ್ತದೆ ಅನ್ನುವುದು ಒಂದು ಪ್ರಶ್ನೆ. ಪಾಸಿಟಿವ್ ಬಂದವರಲ್ಲಿ ಎಷ್ಟು ಜನಕ್ಕೆ ರೋಗ ಇದೆ ಅನ್ನುವುದು ಬೇರೆಯೇ ಪ್ರಶ್ನೆ. ಮುಂಬೈ ಲೋಕಲ್‌ನಲ್ಲಿ ನಿಂತಿರುವ ಕನ್ನಡಿಗರೆಲ್ಲ ಮುಂಬೈಯಲ್ಲಿದ್ದಾರೆ, ನಿಜ. ಹಾಗೆಂದು ಮುಂಬೈಯಲ್ಲಿರುವವರೆಲ್ಲ ಕನ್ನಡಿಗರೇ? ಇದನ್ನು ಮೊದಲು ಲೆಕ್ಕಕ್ಕೆ ತಂದವರು ಇಂಗ್ಲೆಂಡಿನ ಪಾದ್ರಿ ಥಾಮಸ್ ಬೇಯ್ಸ್. ಅವರು ಬರೆದದ್ದು ಅವರು ತೀರಿಕೊಂಡ ಮೇಲೆ 1763ರಲ್ಲಿ ಪ್ರಕಟವಾಯಿತು. ನಮ್ಮ ರಿಪೋರ್ಟಿನ ತನಕ ಇನ್ನೂ ಬಂದಿಲ್ಲ.

ಈ ಲೆಕ್ಕದ ಬೇರು ಇರುವುದು ಮೊದಲ ಅಂಕಿಯಲ್ಲಿ, ಅಂದರೆ ಟೆಸ್ಟಿಗೆ ಮುಂಚೆ ರೋಗ ಇರುವ ಸಾಧ್ಯತೆ ಎಷ್ಟಿತ್ತು ಅನ್ನುವುದರಲ್ಲಿ. ಯಾವ ತೊಂದರೆಯೂ ಇಲ್ಲದ ಸೊಸೈಟಿಯ ಜನರಲ್ಲಿ ಅದು ಸಾವಿರಕ್ಕೆ ಒಂದು ಇರಬಹುದು. ವಾರಗಟ್ಟಲೆ ಹೊಟ್ಟೆ ಉಬ್ಬರ, ರಕ್ತಸ್ರಾವ, ಕಾರಣವಿಲ್ಲದೆ ತೂಕ ಇಳಿಯುವುದು, ಮನೆಯಲ್ಲಿ ಅಮ್ಮನಿಗೋ ಅಕ್ಕನಿಗೋ ಅದೇ ಕಾಯಿಲೆ ಇದ್ದದ್ದು, ಇವೆಲ್ಲ ಇದ್ದರೆ ಅದು ಎಷ್ಟೋ ಪಟ್ಟು ಹೆಚ್ಚು. ಆಗ ಅದೇ ಪಾಸಿಟಿವ್‌ನ ಅರ್ಥವೇ ಬದಲಾಗುತ್ತದೆ. ಡಾಕ್ಟರ್ ಮೊದಲು ಪ್ರಶ್ನೆ ಕೇಳಿ, ಆಮೇಲೆ ಟೆಸ್ಟು ಬರೆಯುವುದು ಇದಕ್ಕೇ. ಪ್ಯಾಕೇಜ್ ಮಾರುವವರು ಪ್ರಶ್ನೆ ಬಿಟ್ಟು ಟೆಸ್ಟನ್ನಷ್ಟೇ ಮಾರುತ್ತಾರೆ.

ತಂಗಿಯ ಸಿಎ-125 ಕಥೆಯೂ ಇದೇ. ಗರ್ಭಕೋಶದ ಗಡ್ಡೆ, ಎಂಡೋಮೆಟ್ರಿಯೋಸಿಸ್, ಗರ್ಭ, ಕೊನೆಗೆ ಮುಟ್ಟಿನ ದಿನಗಳಲ್ಲೂ ಆ ಅಂಕಿ ಏರುತ್ತದೆ. ಬ್ರಿಟನ್ನಿನಲ್ಲಿ 2 ಲಕ್ಷಕ್ಕೂ ಹೆಚ್ಚು ಮಹಿಳೆಯರ ಮೇಲೆ ಎಷ್ಟೋ ವರ್ಷ ನಡೆದ ಅಧ್ಯಯನದ ಅಂತಿಮ ಫಲಿತಾಂಶ 2021ರಲ್ಲಿ ಬಂತು. ತೊಂದರೆ ಏನೂ ಇಲ್ಲದ ಮಹಿಳೆಯರಿಗೆ ಈ ಟೆಸ್ಟು ಅಥವಾ ಸ್ಕ್ಯಾನ್ ಮಾಡಿಸಿದ್ದರಿಂದ ಅಂಡಾಶಯದ ಕ್ಯಾನ್ಸರಿನ ಸಾವು ಕಡಿಮೆಯಾಗಲಿಲ್ಲ ಎಂದು ಅದು ಹೇಳಿತು. ಆ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವವರಿಗೆ ಇದೇ ಟೆಸ್ಟು ಉಪಯುಕ್ತ. ಸೊಸೈಟಿಯ ಅರ್ಧ ದರದ ಪ್ಯಾಕೇಜಿನಲ್ಲಿ ಅದಕ್ಕೆ ಏನು ಕೆಲಸ ಎಂದು ನಾನು ಕೇಳುತ್ತೇನೆ.

*ಮೂರನೇ ಮಾತು: ಎರಡು ಪಟ್ಟು ಅಂದರೆ, ಯಾವುದರ ಎರಡು ಪಟ್ಟು?*

"ಈ ಮಾತ್ರೆಯಿಂದ ಅಪಾಯ ಎರಡು ಪಟ್ಟು." ಇಂಥ ಫಾರ್ವರ್ಡ್ ವಾರಕ್ಕೊಂದು ಬರುತ್ತದೆ. 1995ರಲ್ಲಿ ಬ್ರಿಟನ್ನಿನಲ್ಲಿ ಇಂಥದೇ ಒಂದು ಎಚ್ಚರಿಕೆ ಸರ್ಕಾರದ ಸಮಿತಿಯಿಂದಲೇ ಹೊರಬಂತು. ಹೊಸ ಬಗೆಯ ಗರ್ಭನಿರೋಧಕ ಮಾತ್ರೆಗಳಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಎರಡು ಪಟ್ಟಾಗುತ್ತದೆ ಎಂದು. ಮಾತು ಸುಳ್ಳಲ್ಲ. ಹಳೆಯ ಮಾತ್ರೆ ತೆಗೆದುಕೊಳ್ಳುತ್ತಿದ್ದ 7,000 ಮಹಿಳೆಯರಲ್ಲಿ ಒಬ್ಬರಿಗೆ ಹಾಗಾಗುತ್ತಿತ್ತು, ಹೊಸದರಲ್ಲಿ ಇಬ್ಬರಿಗೆ. ಒಂದರಿಂದ ಎರಡು, ನೂರಕ್ಕೆ ನೂರು ಹೆಚ್ಚಳ. ಆದರೆ 7,000ಕ್ಕೆ ಹೆಚ್ಚಾದದ್ದು ಒಬ್ಬರು.

ಹೆದರಿದ ಮಹಿಳೆಯರು ಮಾತ್ರೆ ನಿಲ್ಲಿಸಿದರು. ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 13,000 ಗರ್ಭಪಾತಗಳು ಹೆಚ್ಚಾದವು. ಗರ್ಭಧಾರಣೆಯಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಆ ಮಾತ್ರೆಗಿಂತ ಹೆಚ್ಚು. ಒಂದು ಅಂಕಿಯನ್ನು ಅರ್ಧ ಹೇಳಿದ್ದಕ್ಕೆ ಇಷ್ಟು ಹಾನಿ.

ಲಾಭ ಹೇಳುವಾಗಲೂ ಇದೇ ಆಟ. ಒಂದು ಔಷಧಿ ಇದೆ ಅನ್ನಿ. ಅದಿಲ್ಲದೆ ನೂರು ಜನರಲ್ಲಿ ಇಬ್ಬರಿಗೆ ಹೃದಯಾಘಾತ, ಅದಿದ್ದರೆ ಒಬ್ಬರಿಗೆ. ಮಾರುವವನು "ಅಪಾಯ ಅರ್ಧಕ್ಕೆ ಇಳಿಯುತ್ತದೆ" ಅನ್ನುತ್ತಾನೆ. ಬೇಡ ಅನ್ನುವವನು "ನೂರಕ್ಕೆ ಒಬ್ಬನಿಗೆ ಮಾತ್ರ ಉಪಯೋಗ" ಅನ್ನುತ್ತಾನೆ. ಇಬ್ಬರೂ ಸುಳ್ಳು ಹೇಳಿಲ್ಲ. ಯಾರು ಯಾವ ಅಂಕಿ ಆರಿಸಿಕೊಂಡರು ಅನ್ನುವುದರಲ್ಲೇ ಎಲ್ಲ ಇದೆ. ಹಾಗಾಗಿ ಪರ್ಸೆಂಟ್ ಕೇಳಿದ ಕೂಡಲೇ ಒಂದೇ ಪ್ರಶ್ನೆ ಕೇಳಿ: "ನೂರು ಜನರಲ್ಲಿ ಮೊದಲು ಎಷ್ಟು, ಆಮೇಲೆ ಎಷ್ಟು?" ಉತ್ತರ ಇಲ್ಲದಿದ್ದರೆ ಆ ಫಾರ್ವರ್ಡ್ ನಿಮ್ಮ ಫೋನಿನಲ್ಲೇ ನಿಲ್ಲಲಿ.

*ನಾಲ್ಕನೇ ಮಾತು: ಕಷಾಯ ಕುಡಿದೆ, ಸಕ್ಕರೆ ಇಳಿಯಿತು*

ನಮ್ಮ ಕಡೆಯ ಹಿರಿಯರೊಬ್ಬರು ಇಲ್ಲೇ ಪಿಂಪ್ರಿಯಲ್ಲಿದ್ದಾರೆ. ಒಂದು ದಿನ ಸಕ್ಕರೆ 280 ಬಂತು. ಗಾಬರಿಯಾಗಿ ಯಾರೋ ಹೇಳಿದ ಎಲೆಯ ಕಷಾಯ ಶುರು ಮಾಡಿದರು. ವಾರದ ಮೇಲೆ ನೋಡಿದರೆ 190. "ನೋಡ್ರೀ, ತೊಂಬತ್ತು ಇಳೀತು!" ಎಂದು ಗುಂಪಿಗೆ ಹಾಕಿದರು. ಮೂವತ್ತು ಜನ ಕೈಮುಗಿದರು. ಅವರು ಮಾತ್ರೆ ಬಿಟ್ಟರು. ನಾಲ್ಕು ತಿಂಗಳಿಗೆ ಕಾಲಿನ ಗಾಯ ಮಾಯದೆ ಆಸ್ಪತ್ರೆ ಸೇರಿದರು. ಒಂದು ಬೆರಳು ತೆಗೆಯಬೇಕಾಯಿತು.

ಅವರು ಸುಳ್ಳು ಹೇಳಲಿಲ್ಲ. ಮೋಸ ಮಾಡಿದ್ದು ಅಂಕಿ. ದಿನದಿನದ ಸಕ್ಕರೆ ಏರಿಳಿಯುತ್ತದೆ. ನಾವು ಮದ್ದು ಹುಡುಕುವುದು ಯಾವಾಗ? ತೀರ ಏರಿದ ದಿನ. ತೀರ ಏರಿದ ಅಂಕಿಯ ನಂತರದ ಅಂಕಿ ಏನೂ ಮಾಡದಿದ್ದರೂ ಸಾಮಾನ್ಯವಾಗಿ ಸ್ವಲ್ಪ ಕೆಳಗೇ ಬರುತ್ತದೆ, ತನ್ನ ಸರಾಸರಿಯ ಕಡೆಗೆ. ತುಂಬ ಎತ್ತರದ ಅಪ್ಪಂದಿರ ಮಕ್ಕಳು ಅವರಷ್ಟು ಎತ್ತರ ಇರುವುದಿಲ್ಲ, ಸರಾಸರಿಯತ್ತ ಸರಿಯುತ್ತಾರೆ ಎಂದು ಫ್ರಾನ್ಸಿಸ್ ಗಾಲ್ಟನ್ 1886ರಲ್ಲೇ ತೋರಿಸಿದ್ದರು. ಮೈಗ್ರೇನ್, ಮಂಡಿನೋವು, ಅಲರ್ಜಿ, ಎಲ್ಲದರಲ್ಲೂ ಇದೇ. ಹಾಗಾಗಿಯೇ ಡಾಕ್ಟರ್ ಎಚ್‌ಬಿಎ1ಸಿ ಮಾಡಿಸುತ್ತಾರೆ. ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ಅದು ಹೇಳುತ್ತದೆ. ಒಂದು ದಿನದ ಅಂಕಿಗೆ ಮರುಳಾಗುವುದಿಲ್ಲ.

ಹಾಗಾದರೆ ಮದ್ದು ಕೆಲಸ ಮಾಡಿತೋ ಇಲ್ಲವೋ ತಿಳಿಯುವುದು ಹೇಗೆ? ಹೋಲಿಸಬೇಕು. ಎರಡು ಗುಂಪು ಮಾಡಬೇಕು, ಯಾರು ಯಾವ ಗುಂಪು ಎಂದು ಚೀಟಿ ಎತ್ತಿದ ಹಾಗೆ ನಿರ್ಧರಿಸಬೇಕು. ಚೆನ್ನೈಯಲ್ಲಿರುವ ಕನ್ನಡಿಗರಿಗೆ ಇದು ಗೊತ್ತಿರಲಿ: ಇದರ ಒಂದು ದೊಡ್ಡ ಉದಾಹರಣೆ ನಿಮ್ಮ ಊರಿನದೇ. 1956ರಲ್ಲಿ ಮದ್ರಾಸಿನಲ್ಲಿ ಕ್ಷಯರೋಗ ಚಿಕಿತ್ಸೆಯ ಒಂದು ಕೇಂದ್ರ ಶುರುವಾಯಿತು. ಆಗ ಕ್ಷಯ ಅಂದರೆ ಸ್ಯಾನಿಟೋರಿಯಂ, ತಿಂಗಳುಗಟ್ಟಲೆ ಹಾಸಿಗೆ, ಒಳ್ಳೆಯ ಊಟ, ಮನೆಯವರಿಂದ ದೂರ. ಇಲ್ಲಿ 190ಕ್ಕೂ ಹೆಚ್ಚು ಬಡ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿದರು. ಒಂದು ಪಾಲು ಸ್ಯಾನಿಟೋರಿಯಂನಲ್ಲಿ, ಇನ್ನೊಂದು ಇಕ್ಕಟ್ಟಾದ ತಮ್ಮ ಮನೆಯಲ್ಲೇ. ಔಷಧಿ ಇಬ್ಬರಿಗೂ ಒಂದೇ. ವರ್ಷದ ಕೊನೆಗೆ ನೋಡಿದರೆ ಮನೆಯವರೂ ಹೆಚ್ಚುಕಡಿಮೆ ಅಷ್ಟೇ ಗುಣವಾಗಿದ್ದರು. ಮನೆಯಲ್ಲಿದ್ದ ಮಂದಿಗೆ ಹೆಚ್ಚು ಹರಡಿರಲೂ ಇಲ್ಲ. 1959ರಲ್ಲಿ ಅದು ಪ್ರಕಟವಾಯಿತು. ಲೋಕದಲ್ಲೆಲ್ಲ ಕ್ಷಯಕ್ಕೆ ಮನೆಯಲ್ಲೇ ಚಿಕಿತ್ಸೆ ಕೊಡುವ ದಾರಿ ತೆರೆಯಿತು. ಯಾರೋ ದೊಡ್ಡವರ ಅನುಭವದ ಮಾತು ಇದನ್ನು ಮಾಡಲಿಲ್ಲ. ನ್ಯಾಯವಾದ ಹೋಲಿಕೆ ಮಾಡಿತು.

"ನಮ್ಮಜ್ಜ ದಿನಾ ಬೀಡಿ ಸೇದಿ ತೊಂಬತ್ತು ವರ್ಷ ಬದುಕಿದ" ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ. ಬೀಡಿ ಸೇದಿ ಐವತ್ತೈದಕ್ಕೇ ಹೋದವನ ಕಥೆ ಹೇಳಲು ಅವನ ಮೊಮ್ಮಕ್ಕಳು ಅವನನ್ನು ನೋಡಿಯೇ ಇರುವುದಿಲ್ಲ. ಉಳಿದವರ ಕಥೆ ಮಾತ್ರ ನಮಗೆ ಕೇಳಿಸುತ್ತದೆ.

*ಐದನೇ ಮಾತು: ಸರಾಸರಿ ನಮ್ಮ ಹಣೆಬರಹ ಅಲ್ಲ*

"ಇಂಥ ಕ್ಯಾನ್ಸರಿಗೆ ಎಂಟು ತಿಂಗಳು ಅಂತೆ." ಈ ಮಾತು ಕೇಳಿದ ಮನೆಯವರು ಕ್ಯಾಲೆಂಡರ್ ನೋಡಲು ಶುರು ಮಾಡುತ್ತಾರೆ. 1982ರಲ್ಲಿ ಅಮೆರಿಕದ ವಿಜ್ಞಾನಿ ಸ್ಟೀಫನ್ ಜೇ ಗೌಲ್ಡ್ ಅವರಿಗೆ ಹೊಟ್ಟೆಯ ಒಂದು ಅಪರೂಪದ ಕ್ಯಾನ್ಸರ್ ಬಂತು. ಓದಿ ನೋಡಿದರೆ ಮಧ್ಯಾಂಕ ಎಂಟು ತಿಂಗಳು ಎಂದಿತ್ತು. ಅವರಿಗೆ ಅಂಕಿ ಓದಲು ಬರುತ್ತಿತ್ತು. ಮಧ್ಯಾಂಕ ಎಂಟು ತಿಂಗಳು ಅಂದರೆ ಅರ್ಧ ಜನ ಅದಕ್ಕಿಂತ ಮೊದಲು ಹೋಗುತ್ತಾರೆ, ಇನ್ನರ್ಧ ಜನ ಅದನ್ನು ದಾಟುತ್ತಾರೆ. ದಾಟಿದವರು ಎಷ್ಟು ದೂರ ಹೋಗುತ್ತಾರೆ? ಎಂಟು ತಿಂಗಳ ಈಚೆಗೆ ಸೊನ್ನೆಯ ಗೋಡೆ ಇದೆ, ಆಚೆಗೆ ಗೋಡೆ ಇಲ್ಲ. ಬಾಲ ಉದ್ದ ಇದೆ. ತಾನಿನ್ನೂ ಚಿಕ್ಕವನು, ಕಾಯಿಲೆ ಬೇಗ ಸಿಕ್ಕಿದೆ, ಒಳ್ಳೆಯ ಚಿಕಿತ್ಸೆ ಇದೆ, ಆ ಬಾಲದಲ್ಲಿ ತಾನಿರಬಹುದು ಎಂದು ಅವರು ಲೆಕ್ಕ ಹಾಕಿದರು. ಇಪ್ಪತ್ತು ವರ್ಷ ಬದುಕಿದರು. 2002ರಲ್ಲಿ ತೀರಿಕೊಂಡದ್ದು ಬೇರೆ ಕ್ಯಾನ್ಸರಿನಿಂದ.

ಎಲ್ಲರಿಗೂ ಹೀಗಾಗುತ್ತದೆ ಎಂದು ನಾನು ಹೇಳುತ್ತಿಲ್ಲ. ಹಾಗೆಂದರೆ ನಾನೂ ಬೀಡಿ ಅಜ್ಜನ ಕಥೆ ಹೇಳಿದ ಹಾಗಾಗುತ್ತದೆ. ನಾನು ಹೇಳುವುದು ಇಷ್ಟೇ: ಸರಾಸರಿಯಾಗಲಿ ಮಧ್ಯಾಂಕವಾಗಲಿ ಗುಂಪಿನ ಗುರುತು, ಒಬ್ಬರ ಗಡುವು ಅಲ್ಲ. ಡಾಕ್ಟರ್ ಹತ್ತಿರ "ಎಷ್ಟು ದಿನ?" ಎಂದು ಕೇಳುವ ಬದಲು "ಇವರಂಥ ವಯಸ್ಸು, ಇಂಥ ಹಂತದವರಲ್ಲಿ ಹೇಗೆ?" ಎಂದು ಕೇಳಿ.

*ಹಾಗಾದರೆ ಟೆಸ್ಟೇ ಬೇಡವೇ?*

ಅಯ್ಯೋ, ಹಾಗೆ ತಿಳಿಯಬೇಡಿ. ಯಾವ ಟೆಸ್ಟು ಬೇಕು, ಯಾವುದು ಬೇಡ ಅನ್ನುವುದನ್ನೂ ಅಂಕಿಯೇ ಹೇಳುತ್ತದೆ.

ದಕ್ಷಿಣ ಕೊರಿಯಾದಲ್ಲಿ 1999ರ ನಂತರ ಕ್ಯಾನ್ಸರ್ ತಪಾಸಣೆ ಹೆಚ್ಚಿತು. ಅದರ ಜೊತೆ ಜನ ಕಡಿಮೆ ದರದಲ್ಲಿ ಥೈರಾಯಿಡ್ ಸ್ಕ್ಯಾನ್ ಮಾಡಿಸತೊಡಗಿದರು. 2011ರ ಹೊತ್ತಿಗೆ ಪತ್ತೆಯಾದ ಥೈರಾಯಿಡ್ ಕ್ಯಾನ್ಸರ್ 1993ರ ಹದಿನೈದು ಪಟ್ಟು. ಸಾವಿನ ಪ್ರಮಾಣ? ಮೊದಲು ಇದ್ದಷ್ಟೇ. ಜೀವಕ್ಕೆ ತೊಂದರೆ ಮಾಡದೆ ಇದ್ದುಬಿಡುತ್ತಿದ್ದ ಸಣ್ಣ ಗಂಟುಗಳನ್ನು ಹುಡುಕಿ ತೆಗೆದು, ಎಷ್ಟೋ ಸಾವಿರ ಜನ ಜೀವನಪೂರ್ತಿ ಮಾತ್ರೆ ನುಂಗುವ ಹಾಗಾಯಿತು.

ಇದರ ಎದುರಿಗೆ ನಮ್ಮ ಮುಂಬೈಯದೇ ಇನ್ನೊಂದು ಕಥೆ. ಟಾಟಾ ಮೆಮೋರಿಯಲ್‌ನವರು ಮುಂಬೈಯ ಕೊಳೆಗೇರಿಗಳ ಸುಮಾರು ಒಂದೂವರೆ ಲಕ್ಷ ಮಹಿಳೆಯರನ್ನು ಎರಡು ಗುಂಪು ಮಾಡಿ, ಸುಮಾರು ಅರ್ಧದಷ್ಟು ಜನರ ಗುಂಪಿನಲ್ಲಿ ಗರ್ಭಕಂಠದ ಕ್ಯಾನ್ಸರಿಗೆ ತಪಾಸಣೆ ನಡೆಸಿದರು. ದೊಡ್ಡ ಮಷೀನು ಇಲ್ಲ. ವಿನೆಗರಿನಂಥ ಆಮ್ಲ ಹಚ್ಚಿ ಕಣ್ಣಿಂದ ನೋಡುವುದು, ಅಷ್ಟೇ. ನೋಡಿದವರು ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತೆಯರು. ಹೋಲಿಕೆಯ ಗುಂಪಿಗಿಂತ ಇವರಲ್ಲಿ ಆ ಕ್ಯಾನ್ಸರಿನ ಸಾವು 31 ಪರ್ಸೆಂಟ್ ಕಡಿಮೆ ಎಂದು 2013ರಲ್ಲಿ ತಿಳಿಸಿದರು. ಯಾವುದರ 31 ಪರ್ಸೆಂಟ್ ಎಂದು ನೀವು ಈಗ ಕೇಳಬೇಕು. ನಮ್ಮ ದೇಶದಲ್ಲಿ ವರ್ಷಕ್ಕೆ 70 ಸಾವಿರಕ್ಕೂ ಹೆಚ್ಚು ಮಹಿಳೆಯರು ಈ ಕ್ಯಾನ್ಸರಿನಿಂದ ಸಾಯುತ್ತಾರೆ. ಅದರ ಮುಂದೆ 31 ಪರ್ಸೆಂಟ್ ಸಣ್ಣ ಮಾತಲ್ಲ. ನಮ್ಮ ಮನೆಯ ಹೆಣ್ಣುಮಕ್ಕಳು ಎಪ್ಪತ್ತು ಟೆಸ್ಟಿನ ಪ್ಯಾಕೇಜಿಗೆ ದುಡ್ಡು ಕೊಡುತ್ತಾರೆ, ಈ ಒಂದು ತಪಾಸಣೆಗೆ ನಾಚಿಕೊಂಡು ಹೋಗುವುದಿಲ್ಲ. ನನಗೆ ಬೇಸರ ಇದೇ.

*"ಆ ಎಂಟರಲ್ಲಿ ಒಬ್ಬಳು ನಾನೇ ಆದರೆ?"*

ಇದನ್ನು ತಂಗಿಯೇ ಕೇಳಿದಳು. ನಾನು ಕಾಗದದ ಮೇಲೆ ಹತ್ತು ಸಾವಿರ ಜನರ ಲೆಕ್ಕ ಬರೆದು ತೋರಿಸಿ, ಗೆದ್ದವನ ಹಾಗೆ ಪೆನ್ನು ಕೆಳಗಿಟ್ಟಿದ್ದೆ. "ನಿನ್ನ ಲೆಕ್ಕ ಬರೋಬರಿ ಐತಿ ಅಣ್ಣಾ. ಆದ್ರ ಆ ಎಂಟರಾಗ ಒಬ್ಬಾಕಿ ನಾನ ಆದ್ರ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಈಗಲೂ ಪೂರ್ತಿ ಇಲ್ಲ. ಯಾರು ಆ ಒಬ್ಬರು ಎಂದು ಸಂಖ್ಯಾಶಾಸ್ತ್ರ ಹೇಳುವುದಿಲ್ಲ. ಅದು ಹೇಳುವುದು ಮುಂದಿನ ಹೆಜ್ಜೆ ಯಾವುದು ಎಂದು ಮಾತ್ರ. ನೂರಕ್ಕೆ 99 ಸಾಧ್ಯತೆ ಇದ್ದರೆ ಇವತ್ತೇ ಆಸ್ಪತ್ರೆಗೆ ಓಡಬೇಕು. ನೂರಕ್ಕೆ ಎಂಟೋ ಎರಡೋ ಇದ್ದರೆ ಅಪಾಯಿಂಟ್‌ಮೆಂಟ್ ತೆಗೆದುಕೊಂಡು, ಊಟ ಮಾಡಿ, ನಿದ್ದೆ ಮಾಡಿ, ಡಾಕ್ಟರನ್ನು ಕಂಡು ಎರಡನೇ ಪರೀಕ್ಷೆ ಮಾಡಿಸಬೇಕು. ಎರಡಕ್ಕೂ ಡಾಕ್ಟರ್ ಹತ್ತಿರ ಹೋಗುವುದು ತಪ್ಪಲಿಲ್ಲ. ತಪ್ಪಿದ್ದು ಗೂಗಲ್ ಜೊತೆ ಕಳೆಯುವ ರಾತ್ರಿಗಳು, ಗಂಡನಿಂದ ಮುಚ್ಚಿಡುವ ಸಂಕಟ.

ಅವಳು ಹೋದಳು. ಸ್ತ್ರೀರೋಗ ತಜ್ಞೆ ಮೊದಲು ಕೇಳಿದ ಪ್ರಶ್ನೆ, "ರಕ್ತ ಕೊಟ್ಟದ್ದು ಯಾವ ದಿನ? ಮುಟ್ಟಿನ ದಿನವೇ?" ಹೌದು, ಎರಡನೇ ದಿನ. ಸ್ಕ್ಯಾನ್‌ನಲ್ಲಿ ಗರ್ಭಕೋಶದಲ್ಲಿ ಒಂದು ಚಿಕ್ಕ ಫೈಬ್ರಾಯ್ಡ್ ಕಂಡಿತು, ಅಂಡಾಶಯ ಸರಿಯಾಗಿತ್ತು. ಎರಡು ತಿಂಗಳ ಮೇಲೆ ಮತ್ತೆ ರಕ್ತ ಕೊಟ್ಟಾಗ 29. ಒಟ್ಟು ಹೋದದ್ದು ಹನ್ನೊಂದು ಸಾವಿರ ರೂಪಾಯಿ ಮತ್ತು ಒಂದು ದೀಪಾವಳಿ.

*ಫ್ರಿಜ್ ಮೇಲೆ ಅಂಟಿಸಲು*

ರಿಪೋರ್ಟು ಬಂದಾಗ, ಫಾರ್ವರ್ಡ್ ಬಂದಾಗ ಈ ಐದು ಕೇಳಿ:

1. ಈ ಗಡಿ ಹೇಗೆ ಹಾಕಿದ್ದು? ನಾನು ಒಟ್ಟು ಎಷ್ಟು ಟೆಸ್ಟು ಮಾಡಿಸಿದ್ದೇನೆ?
2. ಟೆಸ್ಟಿಗೆ ಮುಂಚೆ ನನಗೆ ಈ ರೋಗ ಇರುವ ಸಾಧ್ಯತೆ ಎಷ್ಟಿತ್ತು? ನನಗೆ ಲಕ್ಷಣ ಇದೆಯೇ, ಮನೆಯಲ್ಲಿ ಯಾರಿಗಾದರೂ ಇತ್ತೇ?
3. ಪರ್ಸೆಂಟ್ ಹೇಳಿದರೆ, ನೂರು ಜನರಲ್ಲಿ ಮೊದಲು ಎಷ್ಟು, ಆಮೇಲೆ ಎಷ್ಟು?
4. ಮದ್ದು ಕೆಲಸ ಮಾಡಿತು ಅಂದರೆ, ಯಾರ ಜೊತೆ ಹೋಲಿಸಿ?
5. ಹೇಳುತ್ತಿರುವುದು ಗುಂಪಿನ ಸರಾಸರಿಯೋ, ನನ್ನ ಸ್ಥಿತಿಯೋ?

ಮತ್ತೆ, ಯಾವ ಲೆಕ್ಕ ಓದಿಯೂ, ಈ ಲೇಖನ ಓದಿಯೂ, ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ.

ಕೊನೆಯದಾಗಿ ಒಂದು ಹೆಮ್ಮೆಯ ಮಾತು. ಲೋಕವೇ ತಲೆಬಾಗಿದ ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ ಹುಟ್ಟಿದ್ದು 1920ರಲ್ಲಿ, ನಮ್ಮ ಹೂವಿನ ಹಡಗಲಿಯಲ್ಲಿ, ತೆಲುಗು ಮನೆಯಲ್ಲಿ. 2023ರಲ್ಲಿ, 102ನೇ ವಯಸ್ಸಿನಲ್ಲಿ, ಅವರಿಗೆ ಸಂಖ್ಯಾಶಾಸ್ತ್ರದ ಅಂತಾರಾಷ್ಟ್ರೀಯ ಬಹುಮಾನ ಬಂತು. ಅದೇ ವರ್ಷ ತೀರಿಕೊಂಡರು. ನಮ್ಮ ನೆಲದಲ್ಲಿ ಹುಟ್ಟಿದವರು ಕಟ್ಟಿ ಬೆಳೆಸಿದ ವಿದ್ಯೆ ನಮ್ಮ ಮಕ್ಕಳ ಪುಸ್ತಕದಲ್ಲಿ ಮಾರ್ಕ್ಸಿಗೆ ಮಾತ್ರ ಇದ್ದರೆ ಸಾಕೇ?

ಈ ಭಾನುವಾರ ಮನೆಯಲ್ಲಿ ಹನ್ನೆರಡನೇ ತರಗತಿಯ ಮಗುವಿದ್ದರೆ ಪಕ್ಕದಲ್ಲಿ ಕುಳಿತು ಆ ಲೆಕ್ಕ ಮಾಡಿಸಿಕೊಳ್ಳಿ. ಮಗುವಿಗೆ ರಿವಿಜನ್ ಆಗುತ್ತದೆ, ನಿಮಗೆ ಧೈರ್ಯ ಬರುತ್ತದೆ. ಆಮೇಲೆ ಅದನ್ನೇ ಕನ್ನಡದಲ್ಲಿ ಅವ್ವನಿಗೆ ಹೇಳಿ. ಅವಳಿಗೆ ಅರ್ಥವಾದರೆ ನಿಮಗೆ ಅರ್ಥವಾಗಿದೆ ಎಂದು ಲೆಕ್ಕ.

ಇಷ್ಟವಾದರೆ ನಿಮ್ಮ ಮನೆಯ ಗುಂಪಿಗೂ ಕಳಿಸಿ. ತಪ್ಪು ಕಂಡರೆ ಮೊದಲು ನನಗೆ ಹೇಳಿ.